ಜಗಲಿಯ ಮೇಲಿನ ಬಟವಾಡೆ

ಆಗೆಲ್ಲ ಚನ್ನಪಟ್ಟಣದ ನಮ್ಮ ಬೀದಿಗೆ ಕಾಲಿಟ್ಟರೆ ಕರಗಿದ ಅರಗಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮ ಮನೆಯಲ್ಲಿ ಮುದ್ದೆಗೂ ಅದೇ ವಾಸನೆ. ಗೊಂಬೆ ಕಾರ್ಖಾನೆಯಿಂದ ಅವ್ವ ಮಡಿಲು ತುಂಬ ತರುತ್ತಿದ್ದ, ಬಣ್ಣ ಹತ್ತಿದ ಮರದ ಚೂರುಗಳೇ ನಮ್ಮ ಒಲೆಗೆ ಸೌದೆ. ನಾನೂ ತಂಗಿಯೂ ಅದರಲ್ಲಿ ಕೆಂಪು ಸುರುಳಿಗಳನ್ನು ಆರಿಸಿ ಬಳೆ ಮಾಡಿಕೊಂಡು ಆಡುತ್ತಿದ್ದೆವು.

ಮೊದಲು ಆ ಕಾರ್ಖಾನೆಗೆ ಹೋಗುತ್ತಿದ್ದವನು ಅಪ್ಪ. ಬುಗುರಿ ಕಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊಸ ಮೇಸ್ತ್ರಿ ನಾಲ್ಕು ಜನರೆದುರು ಏನೋ ಅಂದನಂತೆ. ಉಳಿಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದವನು ಜಗಲಿಯ ಮೇಲೆ ಕೂತ. ಕೂತವನು ಏಳಲೇ ಇಲ್ಲ. ಒಂದು ತಿಂಗಳು ನೋಡಿ ಅವ್ವ ಅದೇ ಕಾರ್ಖಾನೆಗೆ, ಗೊಂಬೆಗಳಿಗೆ ತಾಳೆಗರಿ ಉಜ್ಜಿ ಹೊಳಪು ಕೊಡುವ ಕೆಲಸಕ್ಕೆ ಸೇರಿದಳು.

ಶನಿವಾರ ಬಟವಾಡೆ. ಅವ್ವ ಹಿತ್ತಲ ಬಾಗಿಲಿನಿಂದ ಬಂದು ಸಂಬಳವನ್ನಷ್ಟೂ ಅಪ್ಪನ ಕೈಗೆ ಹಾಕುತ್ತಿದ್ದಳು. ಅವನು ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಬೀಡಿಗೆ ಕಾಫಿಗೆ ಅಂತ ಒಂದಿಷ್ಟು ಜೇಬಿಗಿಳಿಸಿ ಜಗಲಿಗೆ ಬರುತ್ತಿದ್ದ. ಎದುರು ಮನೆಯವರಿಗೆ ಕೇಳುವಂತೆ, "ತಗಾ ಇವಳೇ, ಮನೆ ಖರ್ಚಿಗೆ. ನೋಡ್ಕಂಡು ನಡ್ಸು" ಅನ್ನುತ್ತಿದ್ದ. ಅವ್ವ ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದಳು. ದುಡಿಯುವವಳು ಯಾರೆಂದು ಬೀದಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಅಂದವರಿರಲಿಲ್ಲ ಅಷ್ಟೆ. ವಾರ ವಾರ ಜೇಬಿಗಿಳಿಯುವುದು ಹೆಚ್ಚಿತು. ನಮ್ಮ ಮುದ್ದೆ ಚಿಕ್ಕದಾಯಿತು, ಸೊಪ್ಪಿನ ಸಾರು ನೀರಾಯಿತು. ಅಪ್ಪನ ತಟ್ಟೆಯ ಮುದ್ದೆ ಮಾತ್ರ ಕರಗಲಿಲ್ಲ.

ನಾನಾಗ ಏಳನೇ ಕ್ಲಾಸು. ಸೋಮವಾರದೊಳಗೆ ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು ಮೇಷ್ಟ್ರು. "ಶನಿವಾರ ಕೊಡ್ತೀನಿ ಸುಮ್ಕಿರವ್ವ" ಅಂದಿದ್ದಳು ಅವ್ವ. ಆ ಶನಿವಾರ ಅಪ್ಪ ಜೇಬಿಗಿಳಿಸಿ ಉಳಿದದ್ದು ಅವ್ವನ ಸೆರಗಿಗೆ ಬಿದ್ದಾಗ ನೋಡಿದರೆ, ರಾಗಿಗೇ ಸಾಲದು. ನನಗೆ ತಡೆಯಲಾಗಲಿಲ್ಲ.

"ಅವ್ವ, ನಿನ್ ಸಂಬ್ಳ ಅಪ್ಪುಂಗೆ ಕೊಡಕ್ ಮುಂಚೆ ನನ್ ಫೀಸು ಎತ್ತಿಟ್ಕಬಾರ್ದಿತ್ತಾ?"

ಎದುರು ಜಗಲಿಯವರು ಇತ್ತ ತಿರುಗಿದರು. ಅಪ್ಪ ತಲೆ ತಗ್ಗಿಸಿ ಒಳಗೆ ಹೋದ. ಹೊಡೆದದ್ದು ಅವ್ವ. ಗರಿ ಉಜ್ಜಿ ಉಜ್ಜಿ ಒರಟಾದ ಅಂಗೈ, ಕೆನ್ನೆ ಉರಿದುಹೋಯಿತು.

"ಗಂಡುಸ್ನ ಮಾನ ಬೀದೀಲಿ ಕಳ್ದ್ಬುಟ್ಯಲ್ಲೇ! ಓದಿದ್ ಸಾಕು. ಸೋಮ್ವಾರ ನನ್ ಜೊತೆ ಬಾ, ಗರಿ ಉಜ್ಜೀವಂತೆ."

ಹೋದೆ. ಮುಂದಿನ ಶನಿವಾರದಿಂದ ನನ್ನ ಕೂಲಿಯೂ ಹಿತ್ತಲಿನಿಂದ ಅಪ್ಪನ ಕೈಗೆ ಹೋಯಿತು, ಜಗಲಿಯಿಂದ ಅವ್ವನ ಸೆರಗಿಗೆ ಬಂತು. ಎದುರು ಮನೆಯವರು ಏನೂ ಅರಿಯದವರಂತೆ ನೋಡುತ್ತಿದ್ದರು.

ಎಷ್ಟೋ ವರ್ಷದ ಮೇಲೆ ನಾನೇ ಫೀಸು ಕಟ್ಟಿ ಪರೀಕ್ಷೆ ಪಾಸು ಮಾಡಿದೆ. ಕೆಂಪು ಸುರುಳಿಯ ಬಳೆ ತೊಡುವ ವಯಸ್ಸು ಮಾತ್ರ ಆ ಸೋಮವಾರಕ್ಕೇ ಮುಗಿದಿತ್ತು. ಈಗ ಆ ಬೀದಿಯಲ್ಲಿ ಅರಗಿನ ವಾಸನೆಯಿಲ್ಲ. ಜಗಲಿ ಒಡೆದು ಮೊಬೈಲ್ ಅಂಗಡಿ ಮಾಡಿದ್ದಾರೆ.

ಅಪ್ಪನ ತಿಥಿಗೆ ಬಂದ ಎದುರು ಮನೆಯಾಕೆ, ಎಲ್ಲ ಬಲ್ಲವಳು, "ಕೊನೇಗಂಟ ಮನೆ ಸಾಕ್ದ ಪುಣ್ಯಾತ್ಮ" ಅಂದಳು. ಅವ್ವ ಕಣ್ಣೊರೆಸಿಕೊಂಡಳು. "ಊಂ ಕಣಕ್ಕ. ಒಂದು ಶನಿವಾರಾನೂ ನನ್ ಸೆರಗ ಖಾಲಿ ಬುಡ್ನಿಲ್ಲ."

ಅವಳು ಹೊಡೆದದ್ದನ್ನು ನಾನು ಎಂದೋ ಮರೆತೆ. ತಿಥಿಯ ದಿನ ಆಡಿದ ಆ ಮಾತನ್ನು ಕ್ಷಮಿಸಲು ಇವತ್ತಿಗೂ ಆಗಿಲ್ಲ.