ಹೋಟೆಲಮ್ಮ ತುಂಬಿದ ಹಾಳೆ

ನಿನ್ನೆ ಮೆಟ್ಟಿಲು ಹತ್ತುವಾಗ ಯಾರದೋ ಅಡುಗೆಮನೆಯಿಂದ ಸಾಸಿವೆ ಎಣ್ಣೆಯ ಘಾಟು ಬಂತು, ಅದರ ಹಿಂದೆಯೇ ಕರಿಬೇವಿನ ವಾಸನೆ. ಕೋಲ್ಕತ್ತಾದಲ್ಲಿ ಇವೆರಡೂ ಒಂದೇ ಬಾಣಲೆಗೆ ಬೀಳುವುದು ಅಪರೂಪ. ನಾನು ಕಂಡಂತೆ ಬೀಳಿಸಿದವರು ಒಬ್ಬರೇ, ಹೋಟೆಲಮ್ಮ...

ಅದೇ ಊರಿನ ಬೆಹಾಲಾ ಬಡಾವಣೆಯಲ್ಲಿ ಅವರದು ಆರು ಮೇಜಿನ ಉಡುಪಿ ಹೋಟೆಲು. ಮೇಲಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಮೀನು ತಿನ್ನುವವರಿಗೆ ಕೋಣೆ ಇಲ್ಲ ಎಂಬುದೊಂದೇ ಷರತ್ತು. ಮಲ್ಪೆಯಲ್ಲಿ ಮೀನು ತಿಂದೇ ಬೆಳೆದ ನಾನು, ತಿನ್ನುವುದಿಲ್ಲ ಎಂದು ಸಲೀಸಾಗಿ ಹೇಳಿಬಿಟ್ಟೆ. ಮನಶ್ಶಾಸ್ತ್ರ ಓದಲು ಬಂದವಳು ಸುಳ್ಳಿನಿಂದಲೇ ಶುರು ಮಾಡಿದೆ. ಭಾನುವಾರ ದೂರದಲ್ಲೆಲ್ಲೋ ಮೀನೂಟ ಮಾಡಿ, ಏಲಕ್ಕಿ ಜಗಿಯುತ್ತಾ ಬರುತ್ತಿದ್ದೆ. ಸಿಕ್ಕಿಬಿದ್ದರೆ ಕೋಣೆ ಹೋಗುತ್ತಿತ್ತು, ಬೇರೆ ಕಡೆ ಇರುವ ತಾಕತ್ತು ನನಗಿರಲಿಲ್ಲ.

ಮನೋಭಾವಕ್ಕೆ ಮೂರು ಭಾಗ ಎಂದು ನಮಗೆ ಪಾಠವಾಗಿತ್ತು: ನಂಬಿಕೆ, ಭಾವನೆ, ನಡತೆ. ಮೂರೂ ಒಂದೇ ದಿಕ್ಕಿಗೆ ನೋಡಬೇಕೆಂಬುದು ನಮ್ಮ ಮೇಷ್ಟ್ರ ಹಟ. ಅವರು ಕೊಟ್ಟ ಪ್ರಶ್ನಾವಳಿಯ ಒಂದು ಹಾಳೆಯನ್ನು ಹೋಟೆಲಮ್ಮನಿಂದ ತುಂಬಿಸಿದೆ. ಮೀನಿನ ವಾಸನೆ ಸಹಿಸಲಾರೆ: ಪೂರ್ತಿ ಒಪ್ಪುತ್ತೇನೆ. ಮೀನು ಬೇಯುವ ಮನೆಗೆ ಕಾಲಿಡಲಾರೆ: ಪೂರ್ತಿ ಒಪ್ಪುತ್ತೇನೆ. ಹಾಳೆಯ ಮೂಲೆಯಲ್ಲಿ ಅವರ ಅರಿಶಿನದ ಬೆರಳಿನ ಗುರುತು ಈಗಲೂ ಇದೆ.

ಅದೇ ತಿಂಗಳು ಎದುರುಮನೆಯ ಬಂಗಾಳಿ ಅಜ್ಜಿ ಬಿದ್ದು ಕೈ ಮುರಿದುಕೊಂಡರು. ಒಂಟಿ ಜೀವ. ಹೋಟೆಲಮ್ಮ ಕಳಿಸಿದ ಅನ್ನ, ಸಾರು ನಾಲ್ಕು ದಿನ ಹಾಗೆಯೇ ವಾಪಸು ಬಂತು. ಮೀನಿಲ್ಲದೆ ಅಜ್ಜಿಗೆ ತುತ್ತು ಇಳಿಯುತ್ತಿರಲಿಲ್ಲ. ಐದನೆಯ ದಿನ ಮೀನು ತರಲು ಹೋಟೆಲಮ್ಮ ನನ್ನನ್ನೇ ಕಳಿಸಿದರು. ಆಮೇಲೆ ಮೂಗಿಗೆ ಸೆರಗು ಬಿಗಿದುಕೊಂಡು, ಅಜ್ಜಿ ಮಂಚದಿಂದ ಹೇಳಿದಂತೆ ಅವರ ಒಲೆಯ ಮೇಲೆ ಸಾಸಿವೆ ಎಣ್ಣೆಯಲ್ಲಿ ಝೋಲ್ ಎಂಬ ಮೀನಿನ ಸಾರು ಮಾಡಿದರು. ಆದರೆ ಸಾಂಬಾರು ಮಾಡಿ ಪಳಗಿದ ಕೈ ಸುಮ್ಮನಿರಬೇಕಲ್ಲ? ಕೊನೆಗೆ ಇಂಗು, ಕರಿಬೇವಿನ ಒಗ್ಗರಣೆಯನ್ನೂ ಸುರಿದೇಬಿಟ್ಟರು. ಸೌಟನ್ನು ನನ್ನತ್ತ ಚಾಚಿದರು.

"ಉಪ್ಪು ನೋಡು ಮಾರಾಯ್ತಿ. ನಂಗೆ ಆಗುದಿಲ್ಲ. ನೀನು ತಿಂತಿ ಅಂತ ನಂಗೆ ಮೊದ್ಲಿಂದ ಗೊತ್ತುಂಟು."

ನಾಚಿಕೆಯಿಂದ ನನಗೆ ರುಚಿಯೇ ತಿಳಿಯಲಿಲ್ಲ. ಸರಿಯಿದೆ ಎಂದೆ. ಇದು ಮೀನೋ ಸಾಂಬಾರೋ ಎಂದು ಅಜ್ಜಿ ನಗುತ್ತಲೇ ಎರಡು ಸಲ ಹಾಕಿಸಿಕೊಂಡರು. ಹೋಟೆಲಮ್ಮ ಹೊರಗೆ ಬಂದವರೇ ಚರಂಡಿಯ ಬಳಿ ವಾಂತಿ ಮಾಡಿದರು. ತಲೆಗೆ ಸ್ನಾನ ಮಾಡಿ, ಇಡ್ಲಿಗೆ ಉದ್ದು ನೆನೆಹಾಕಲು ಹೋದರು. ಮರುದಿನ ಮತ್ತೆ ಮೀನು ಬೇಯಿಸಲು ಬಂದರು, ಅಜ್ಜಿಯ ಕೈ ಕೂಡುವವರೆಗೂ ಬಂದರು.

ಇದೆಲ್ಲವನ್ನೂ ವರದಿಯಲ್ಲಿ ಬರೆದೆ. ಉತ್ತರಕ್ಕೂ ನಡತೆಗೂ ತಾಳೆಯಿಲ್ಲ, ಆ ಹಾಳೆ ತೆಗೆದುಹಾಕು ಎಂದರು ಮೇಷ್ಟ್ರು. ತೆಗೆಯುವುದಿಲ್ಲ ಎಂದೆ. ಅಂಕ ಹೋಯಿತು, ಹೋಗಲಿ. ತಾಳೆಯಾಗದ್ದು ಅವರ ಮೂರು ಡಬ್ಬಿಗಳೇ ಹೊರತು ಹೋಟೆಲಮ್ಮ ಅಲ್ಲ. ಆಕೆಯದು ಬೂಟಾಟಿಕೆ ಎನ್ನುವವರೊಡನೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ಈಗ ಅದೇ ಪಾಠವನ್ನು ನಾನು ಮಾಡುತ್ತೇನೆ, ಆ ಹಾಳೆಯನ್ನು ತರಗತಿಗೆ ಒಯ್ಯುತ್ತೇನೆ. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಹೋಟೆಲಮ್ಮನಿಗೆ ಕೊನೆಯವರೆಗೂ ಮೀನೆಂದರೆ ಹೇಸಿಗೆಯೇ. ಆದರೂ ಕೋಣೆ ಬಿಡು ಎಂದು ನನಗೆ ಒಂದು ದಿನವೂ ಹೇಳಲಿಲ್ಲ. ಸುಳ್ಳು ಹೇಳಿದ್ದಕ್ಕೆ ನಾನೂ ಕ್ಷಮೆ ಕೇಳಲಿಲ್ಲ... ಈಗ ಕೇಳೋಣವೆಂದರೆ ಅವರಿಲ್ಲ.