ಮೂರು ಹೇಳದವನು

ಊರಿನವರ ಬಾಯಲ್ಲಿ ಅವಳು ಮೈಕಕ್ಕ. ಅಪ್ಪ ಬಿಟ್ಟುಹೋದ ಮೈಕ್ ಸೆಟ್ಟಿನ ಅಂಗಡಿ ಅವಳದು. ಸಭೆ ಎಲ್ಲಿದ್ದರೆ ಅಲ್ಲಿ ವೈರು ಎಳೆದು, ಕಂಬಕ್ಕೆ ಹಾರ್ನ್ ಕಟ್ಟಿ, ಭಾಷಣ ಮುಗಿಯುವವರೆಗೆ ಆಂಪ್ಲಿಫೈಯರ್ ಪಕ್ಕದ ಸ್ಟೂಲಿನ ಮೇಲೆ ಕೂತಿರಬೇಕು. ಇಷ್ಟು ವರ್ಷದ ಭಾಷಣಗಳಿಂದ ಅವಳಿಗಾದ ಲಾಭವೆಂದರೆ, ಮೈಕಿನ ಮುಂದೆ ಯಾರು ಗಂಟಲು ಸರಿಮಾಡಿಕೊಂಡರೂ ಎಷ್ಟು ಸುಳ್ಳು ಬರಲಿದೆ ಎಂದು ಮೊದಲೇ ಗೊತ್ತಾಗಿಬಿಡುತ್ತಿತ್ತು. ಅದಕ್ಕೆ ತಕ್ಕಂತೆ ಗುಂಡಿ ತಿರುಗಿಸಿ ದನಿ ಇಳಿಸುತ್ತಿದ್ದಳು.

ತಮ್ಮನ ಸ್ಮರಣೆಯ ದಿನವಂತೂ ಗುಂಡಿಯಿಂದ ಕೈ ತೆಗೆಯುವ ಹಾಗೇ ಇರಲಿಲ್ಲ.

ತಮ್ಮ ವಾಯುಪಡೆಯಲ್ಲಿ ವೈರ್‌ಲೆಸ್ ಕೆಲಸದವನು. ಯುದ್ಧದಲ್ಲಿ ಅವನಿದ್ದ ಸರಕಿನ ವಿಮಾನ ಬಿತ್ತು. ಮೀಸೆ ಇನ್ನೂ ನೆಟ್ಟಗೆ ಮೂಡದ ವಯಸ್ಸು. ಸತ್ತ ಮೇಲೆ ಅವನಿಗೆ ಸಿಕ್ಕಿದಷ್ಟು ಬಡ್ತಿ ಬದುಕಿದ್ದವರಿಗೆ ಸಿಕ್ಕಿರಲಾರದು. ಮೊದಲ ವರ್ಷದ ಸಭೆಯಲ್ಲಿ ಅವನು ವೈರ್‌ಲೆಸ್ಸಿನವನೇ ಆಗಿದ್ದ. ಮರುವರ್ಷ ಪೈಲಟ್ಟಿನ ಬಲಗೈ. ಆಮೇಲೆ ಖುದ್ದು ಪೈಲಟ್ಟು. ಈಚೆಗಂತೂ ಶತ್ರುವಿಮಾನಗಳನ್ನು ಸೊಳ್ಳೆ ಹೊಡೆದ ಹಾಗೆ ಹೊಡೆದು ಉರುಳಿಸುತ್ತಿದ್ದ.

ಬಡ್ತಿಗಳನ್ನೆಲ್ಲ ದಯಪಾಲಿಸಿದವರು ಸ್ಮಾರಕ ಸಮಿತಿಯ ಅಧ್ಯಕ್ಷರು, ಬಟ್ಟೆ ಅಂಗಡಿಯ ಯಜಮಾನರು. ಭಾಷಣದಲ್ಲಿ 'ಕೊನೆಯದಾಗಿ' ಎಂದು ಮತ್ತೆ ಮತ್ತೆ ಹೇಳಿಯೂ ಕೊನೆ ಮುಟ್ಟದ ಕಾರಣ ಅವರಿಗೆ ಕೊನೆಯದಾಗಿ ಸಾಹೇಬರು ಎಂದೇ ಹೆಸರು. ಅವರು ಘೋಷಿಸಿದ ಒಂದು ನಿಮಿಷದ ಮೌನ ಮಾತ್ರ ಅರ್ಧಕ್ಕೇ ಮುಗಿಯುತ್ತಿತ್ತು. ಅದಕ್ಕೂ ಹೆಚ್ಚು ಹೊತ್ತು ಬಾಯಿ ಮುಚ್ಚಿದರೆ ಉಸಿರುಗಟ್ಟುತ್ತಿತ್ತೇನೋ.

ಇಷ್ಟನ್ನೂ ಅವಳು ಸಹಿಸಿಕೊಂಡದ್ದು ಸಭೆಗೆ ಮೊದಲಿನ ಒಂದು ಗಳಿಗೆಗಾಗಿ. ಚಿಕ್ಕಂದಿನಲ್ಲಿ ಅಪ್ಪ ಮೈಕ್ ಕಟ್ಟಿದ ಕೂಡಲೇ ತಮ್ಮ ಅದರ ಮುಂದೆ ನಿಲ್ಲುತ್ತಿದ್ದ, ಅವಳು ಮೈದಾನದ ಆ ತುದಿಯ ಗೋಡೆಯವರೆಗೆ ಓಡುತ್ತಿದ್ದಳು. "ಒಂದು... ಎರಡು... ಅಕ್ಕಾ, ಕೇಳಿಸ್ತಾ ಇದ್ಯಾ?" ಕೇಳಿಸಿದರೆ ಅವಳು ಕೈ ಎತ್ತಬೇಕು.

"ಮೂರು ಯಾಕೋ ಹೇಳಲ್ಲ? ಲೆಕ್ಕ ಬರಲ್ವಾ?" ಎಂದು ಕೆಣಕಿದರೆ, "ಮೂರು ಅನ್ನೋನು ಹರಾಜಿನವನು ಕಣೇ. ಮೂರು ಅಂದ್ರೆ ಮಾಲು ಕೈಬಿಟ್ಟು ಹೋಯ್ತು ಅಂತ," ಎನ್ನುತ್ತಿದ್ದ.

ಅವನು ಹೋದ ಮೇಲೆ, ಪ್ರತಿ ವರ್ಷ ಸ್ಮರಣೆಯ ದಿನ ಜನ ಸೇರುವ ಮೊದಲು, ಅವಳೇ ಮೈಕಿನ ಮುಂದೆ ನಿಂತು ಅದನ್ನು ಹೇಳುತ್ತಿದ್ದಳು, ಅವನಂತೆಯೇ ಎಳೆದು, ಕೊನೆಗೆ ಸ್ವಲ್ಪ ನಗು ಬೆರೆಸಿ. ಖಾಲಿ ಗೋಡೆಗೆ ಬಡಿದು ತಿರುಗಿ ಬರುವಾಗ ಆ ದನಿ ಅವಳದಾಗಿ ಉಳಿದಿರುತ್ತಿರಲಿಲ್ಲ. ತಮ್ಮನದು ಅಂತ ಅವಳಿಗೆ ಉಳಿದದ್ದು ಅದೊಂದೇ.

ಈ ವರ್ಷ ಸಾಹೇಬರು ಅಂಗಡಿಗೇ ಬಂದರು. "ಮೈಕಕ್ಕಾ, ಈ ಸಲ ನೀವು ವೈರು ಮುಟ್ಟೋ ಹಾಗಿಲ್ಲ. ವೇದಿಕೆ ಮೇಲೆ ಕೂತ್ಕೋಬೇಕು. ವೀರನ ಅಕ್ಕ ಸ್ಟೂಲ್ ಮೇಲೆ ಕೂತ್ರೆ ನೋಡೋರು ಏನಂತಾರೆ? ದೊಡ್ಡ ಸೌಂಡ್ ಸಿಸ್ಟಂಗೆ ಹೇಳಿದೀನಿ."

"ಇಷ್ಟು ವರ್ಷ ನೋಡಿದೋರು ಏನಂದ್ರು?"

"ಅಯ್ಯೋ, ನಿಮಗೆ ಮರ್ಯಾದೆ ಮಾಡೋಣ ಅಂತ!"

"ಮರ್ಯಾದೆ ನೀವೇ ಮಾಡಿಸ್ಕೊಳ್ಳಿ. ಮೈಕ್ ನಾನು ಕಟ್ತೀನಿ."

"ಅವರಿಗೆ ಮಾತು ಕೊಟ್ಟಾಗಿದೆ ಅಕ್ಕ. ಕೊನೆಯದಾಗಿ ಒಂದು ವಿಷಯ, ನೀವೂ ಎರಡು ಮಾತಾಡ್ಬೇಕು."

ಸಭೆಯ ದಿನ ಅವಳನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಬೀರುವಿನಷ್ಟು ಎತ್ತರದ ಸ್ಪೀಕರ್‌ಗಳು ಬಂದಿದ್ದವು. ತಂದವನು ಮೈಕನ್ನು ಉಗುರಿನಿಂದ ಕುಟ್ಟಿ, "ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ," ಎಂದು ಒಂದೇ ಉಸಿರಿಗೆ ಮುಗಿಸಿದ. ಅವನ ಕಪಾಳಕ್ಕೊಂದು ಬಿಗಿಯಬೇಕೆನ್ನಿಸಿತು ಅವಳಿಗೆ.

ಸಾಹೇಬರು ಭಾಷಣ ಶುರುವಿಟ್ಟುಕೊಂಡರು. ಈ ಸಲ ಅವಳ ತಮ್ಮ ಉರಿಯುವ ವಿಮಾನದಿಂದ ಎರಡೂ ಕೈ ಎತ್ತಿ ಹುಟ್ಟೂರಿಗೆ ನಮಸ್ಕರಿಸಿದ. ವಿಮಾನವನ್ನು ಆಗ ಯಾರು ನಡೆಸುತ್ತಿದ್ದರೆಂದು ಒಬ್ಬರೂ ಕೇಳಲಿಲ್ಲ. ಚಪ್ಪಾಳೆ ಬಿತ್ತು. ಅವಳ ಬೆರಳುಗಳು ತಮಗೆ ತಾವೇ ದನಿಯ ಗುಂಡಿಗಾಗಿ ತಡಕಾಡಿದವು. ಸಿಕ್ಕಿದ್ದು ಕುರ್ಚಿಯ ಕೈ.

"ಈಗ ಅಕ್ಕನವರಿಂದ ಎರಡು ಮಾತು!"

ಎರಡು ತಾನೇ, ಎಂದುಕೊಂಡು ಎದ್ದಳು.

"ಒಂದು..." ಎಂದಳು. "ಎರಡು..."

ಜನ ಮುಖ ಮುಖ ನೋಡಿಕೊಂಡರು.

"ಅಕ್ಕಾ, ಕೇಳಿಸ್ತಾ ಇದ್ಯಾ?"

ದನಿ ತಲೆಗಳ ಮೇಲಿಂದ ಹಾದು, ಗೋಡೆಗೆ ಬಡಿದು ತಿರುಗಿ ಬಂತು. ಬೀರುವಿನಂಥ ಆ ಸ್ಪೀಕರ್‌ಗಳಿಗೆ ಅಷ್ಟಾದರೂ ಯೋಗ್ಯತೆ ಇತ್ತು. ಅವಳ ಕೈ ಮೆಲ್ಲಗೆ ಮೇಲೆದ್ದಿತು. ಮೈದಾನದಲ್ಲಿ ಒಬ್ಬನೂ ಕೆಮ್ಮಲಿಲ್ಲ. ಇಷ್ಟು ವರ್ಷ ಸಾಹೇಬರು ಕೂಗಿ ಕರೆದರೂ ಬಾರದಿದ್ದ ಮೌನ ತಾನಾಗಿ ಬಂದು ಕೂತಿತ್ತು.

ಸಾಹೇಬರಿಗೆ ತಡೆಯಲಾಗಲಿಲ್ಲ. ಪಾಪ, ಮುಂದಿನದು ಮರೆತುಹೋಗಿರಬೇಕು ಎಂದುಕೊಂಡು, ಕುತ್ತಿಗೆ ಚಾಚಿ ಮೈಕಿಗೆ "ಮೂರು!" ಎಂದು ಒದಗಿಸಿದರು.

ಅವಳು ಎತ್ತಿದ ಕೈ ಇಳಿಸಿದಳು.

"ಹರಾಜು ಮುಗೀತು ಸಾಹೇಬ್ರೇ. ಆ ಪೈಲಟ್ಟನ್ನ ನೀವೇ ಇಟ್ಕೊಳ್ಳಿ."

ಮೆಟ್ಟಿಲಿಳಿದು, ಜನರ ನಡುವೆ ದಾರಿ ಮಾಡಿಕೊಂಡು, ಆ ತುದಿಯ ಗೋಡೆಯ ಕಡೆ ನಡೆದಳು. ಹಿಂದಿನಿಂದ ಸಾಹೇಬರು 'ಕೊನೆಯದಾಗಿ' ಎನ್ನುತ್ತಿದ್ದರು.