ಭಂಡಾರ ಒರೆಸುವ ಹನಮವ್ವ

ಬೆಳಗಿನ ಆರು ಗಂಟೆ. ಬಾಗಲಕೋಟೆಯ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ಹನಮವ್ವ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು ಕಿಟಕಿ ಪಕ್ಕದ ಕೂಸಿನ ಬಳಿ ಬರುತ್ತಾರೆ. ಎರಡು ತಿಂಗಳು ಮೊದಲೇ ಹುಟ್ಟಿದ ಗಂಡುಕೂಸು, ತೂಕ ಒಂದು ಕಿಲೋ ನೂರು ಗ್ರಾಂ. ಹಣೆಯ ತುಂಬ ಬೀರಪ್ಪ ದೇವರ ಭಂಡಾರ. ಬಾದಾಮಿ ಕಡೆಯ ಅಜ್ಜಿ ಸೊಸೆಯ ಸೆರಗಿಗೆ ಕಟ್ಟಿ ಕಳಿಸಿದ ಅರಿಶಿನದ ಪುಡಿ. ಸೊಸೆ ಯಾರೂ ನೋಡದಾಗ ಹಚ್ಚಿ ಹೋಗಿದ್ದಾಳೆ.

ಹನಮವ್ವ ಭಂಡಾರಕ್ಕೊಮ್ಮೆ ಕೈಮುಗಿಯುತ್ತಾರೆ. ಆಮೇಲೆ ಒದ್ದೆ ಹತ್ತಿಯಿಂದ ಚೂರೂ ಉಳಿಯದಂತೆ ಒರೆಸುತ್ತಾರೆ. ಹಣೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಬಿಟ್ಟು, ಕಿಟಕಿಯ ಬೆಳಕಿನಲ್ಲಿ ಬಣ್ಣ ನೋಡುತ್ತಾರೆ. ಎದೆಯನ್ನೂ ಒತ್ತಿ ನೋಡುತ್ತಾರೆ.

“ತಬಸುಮ್ ಸಿಸ್ಟರ್, ಇದು ಭಂಡಾರ ಅಲ್ರಿ. ಕೂಸಿನ ಮೈಯಾಗಿನ ಹಳದಿ. ಎದಿತನಾ ಇಳದೈತಿ.”

ನರ್ಸ್ ತಬಸುಮ್ ಕೂಡಲೇ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. “ನಾ ಬರೇ ನೋಡಿ ಹೇಳಾಕಿ, ಖರೆ ಹೇಳೂದು ರಕ್ತ” ಎನ್ನುತ್ತ ಹನಮವ್ವ ಮುಂದಿನ ಕೂಸಿನತ್ತ ನಡೆಯುತ್ತಾರೆ.

ಐವತ್ತೆರಡರ ಹನಮವ್ವ ಶಿರೂರಿನವರು. ಗಂಡ ಲಕ್ಷ್ಮಪ್ಪ ಕುರಿ ಹೊಡೆದುಕೊಂಡು ಹೋಗುವ ಮೊದಲೇ ಇವರು ಮೊದಲ ಬಸ್ಸು ಹಿಡಿದಿರುತ್ತಾರೆ. ಇಲ್ಲಿ ಆಯಾ ಆಗಿ ಇಪ್ಪತ್ತೊಂದು ವರ್ಷ. ದಿನಕ್ಕೆ ನಲವತ್ತು ಸಲ ಕೈ ತೊಳೆಯಬೇಕು, ಮೂತ್ರದ ಲೆಕ್ಕಕ್ಕೆ ಹನ್ನೆರಡು ಕೂಸುಗಳ ಒದ್ದೆ ಬಟ್ಟೆ ತೂಗಬೇಕು, ಬಾಣಂತಿಯರು ಹಿಂಡಿದ ಹಾಲು ತರಬೇಕು. ಹಳದಿ ಇಳಿಸುವ ನೀಲಿ ದೀಪದ ಕೆಳಗೆ ಮಲಗುವ ಕೂಸುಗಳಿಗೆ ಕಣ್ಣಿನ ಪಟ್ಟಿ ಹೊಲಿಯುವುದೂ ಇವರೇ. ಕೂಸು ಗುಣವಾಗಿ ಹೋಗುವಾಗ ಪೇಡೆ ಡಾಕ್ಟರಿಗೆ, ಕೈಮುಗಿತ ಸಿಸ್ಟರಿಗೆ. ಖಾಲಿ ಡಬ್ಬಿ ತೊಳೆದಿಡುವ ಕೆಲಸ ಹನಮವ್ವನಿಗೆ!

ಇಷ್ಟು ಚಿಕ್ಕ ಕೂಸುಗಳಿಗೆ ಮೊದಲ ದಿನಗಳಲ್ಲಿ ಹೊಟ್ಟೆಗೆ ಹಾಲು ಸಾಕಷ್ಟು ದಕ್ಕುವುದಿಲ್ಲ. ಹಾಲಿನಂತೆಯೇ ಬೆಳ್ಳಗಿರುವ ಕೊಬ್ಬಿನ ದ್ರಾವಣವನ್ನು ನರದೊಳಗೆ ನಿಧಾನಕ್ಕೆ ಬಿಡುತ್ತಾರೆ. ಅದಿಲ್ಲದಿದ್ದರೆ ತೂಕ ಏರದು, ಮಿದುಳು ಬೆಳೆಯದು. ಕಾಮಾಲೆ ಏರಿದಾಗ ಮಾತ್ರ ಅದೇ ಕೊಬ್ಬು ಅಪಾಯ ಹೆಚ್ಚಿಸಬಹುದು. ಡಾಕ್ಟರು ತಿಳಿಸಿ ಹೇಳಿದ್ದನ್ನು ಹನಮವ್ವ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: “ರಕ್ತದಾಗ ಹಳದಿಗೆ ಕುಂದ್ರಾಕ ಸೀಟ ಇರ್ತಾವಂತ್ರಿ, ನಮ್ಮ ಬಸ್ಸಿನಂಗ. ಕೊಬ್ಬು ಭಾಳ ಆದ್ರ ಅದು ಬಂದು ಸೀಟ ಹಿಡೀತೈತಿ. ಸೀಟ ಸಿಗದ ಹಳದಿ ಎಲ್ಲೆಂದ್ರಲ್ಲಿ ಇಳೀತೈತಿ. ತಲ್ಯಾಗ ಇಳದ್ರ ಕಿವಿ ಹೋಗ್ತಾವು.”

ಈ ಪಾಠ ಅವರಿಗೆ ಸುಮ್ಮನೆ ಬಂದದ್ದಲ್ಲ. ಒಂಬತ್ತು ವರ್ಷದ ಹಿಂದೆ ಇಳಕಲ್ಲಿನ ನೇಕಾರರ ಮನೆಯ ಜಯಶ್ರೀ ಎಂಬಾಕೆಯ ಹೆಣ್ಣುಕೂಸು ಇಲ್ಲಿತ್ತು. ಅದರ ಹಣೆಗೂ ಎದೆಗೂ ಹೀಗೇ ಭಂಡಾರ. ಏನಿದು ಹಳದಿ ಎಂದು ಅಂದಿನ ಸಿಸ್ಟರ್ ಕೇಳಿದಾಗ, ಭಂಡಾರ ಎಂದವರು ಹನಮವ್ವನೇ. ಮನೆದೇವರ ಭಂಡಾರ, ಒರೆಸಲು ಕೈ ಬರಲಿಲ್ಲ. ಬೆಳಿಗ್ಗೆಯೇ ಆಗಬೇಕಿದ್ದ ರಕ್ತಪರೀಕ್ಷೆ ಸಂಜೆಗೆ ಹೋಯಿತು. ಅಲ್ಲಿಯವರೆಗೆ ಕೊಬ್ಬಿನ ದ್ರಾವಣ ಅದೇ ವೇಗದಲ್ಲಿ ಇಳಿಯುತ್ತಲೇ ಇತ್ತು. ವರದಿ ಬಂದ ಕೂಡಲೇ, ರಕ್ತ ಬದಲಿಸಲೆಂದು ಕೂಸನ್ನು ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಯಿತಂತೆ. ಅಷ್ಟೇ ಸುದ್ದಿ; ಕಿವಿ ಉಳಿದವೋ ಇಲ್ಲವೋ ತಿಳಿಯಲಿಲ್ಲ.

“ಯಾರೂ ನನ್ನ ಬೈಲಿಲ್ರಿ,” ಎನ್ನುತ್ತಾರೆ ಹನಮವ್ವ. “ಬೈದಿದ್ರ ಚಲೋ ಇತ್ತು.”

ಅಂದಿನಿಂದ ಯಾವ ಕೂಸಿನ ಮೈಮೇಲೂ ಭಂಡಾರ ಉಳಿಯಗೊಟ್ಟಿಲ್ಲ. ಸಿಟ್ಟಾಗುವ ಅಜ್ಜಿಯರಿಗೆ, ತಾನೂ ಬೀರಪ್ಪನ ಒಕ್ಕಲೇ ಎಂದು ಹೇಳಿ ಪೊಟ್ಟಣ ಇಸಿದುಕೊಳ್ಳುತ್ತಾರೆ. ಮನೆಗೆ ಹೋಗುವ ದಿನ ತಾವೇ ಹಚ್ಚಿ ಕಳಿಸುತ್ತಾರೆ. ಆ ಇಳಕಲ್ಲ ಕೂಸಿನವರು ಅವಸರದಲ್ಲಿ ಬಿಟ್ಟುಹೋದ ಪೊಟ್ಟಣವೊಂದೇ ಇನ್ನೂ ಇವರ ಡಬ್ಬಿಯಲ್ಲಿದೆ.

ಹೋದ ವರ್ಷ ನೆಂಟರ ಮದುವೆಗೆಂದು ಇಳಕಲ್ಲಿಗೆ ಹೋದಾಗ ಆ ಪೊಟ್ಟಣ ಸೊಂಟದಲ್ಲಿತ್ತು. ಊಟ ಬಿಟ್ಟು ನೇಕಾರರ ಓಣಿ ಸುತ್ತಿದರು. ಏನಂತ ಕೇಳುವುದು? ಜಯಶ್ರೀ ಎಂಬ ಹೆಸರಿನವರು ಓಣಿಗೆ ಹಲವರು, ಆ ಕೂಸಿಗೆ ಆಗಿನ್ನೂ ಹೆಸರೇ ಇಟ್ಟಿರಲಿಲ್ಲ. ಮನೆಯೊಂದರ ಮುಂದೆ ಎಂಟೊಂಬತ್ತು ವರ್ಷದ ನಾಲ್ವರು ಹುಡುಗಿಯರು ಆಡುತ್ತಿದ್ದರು, ಒಳಗೆ ಮಗ್ಗ ಬಡಿಯುತ್ತಿತ್ತು. ಹನಮವ್ವ ಅವರ ಬೆನ್ನ ಹಿಂದೆ ನಿಂತು “ಯವ್ವಾ” ಎಂದು ಕರೆದರು. ನಾಲ್ವರೂ ಹೊರಳಿ ನೋಡಿದರು. ಹನಮವ್ವನಿಗೆ ಅಳು ತಡೆಯಲಾಗಲಿಲ್ಲ.

ಏಳೂವರೆಗೆ ವರದಿ ಬರುತ್ತದೆ. ಹಳದಿ ಏರಿದೆ, ಆದರೆ ಕೈಮೀರಿಲ್ಲ. ಡಾಕ್ಟರು ಕೊಬ್ಬಿನ ಪ್ರಮಾಣ ಇಳಿಸಿ ನೀಲಿ ದೀಪ ಹಚ್ಚಿಸುತ್ತಾರೆ. ಹನಮವ್ವ ತಾವು ಹೊಲಿದ ಪಟ್ಟಿಯನ್ನು ಕೂಸಿನ ಕಣ್ಣಿಗೆ ಕಟ್ಟುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ, ಆ ಪಟ್ಟಿಯನ್ನು ಸರಿಮಾಡುತ್ತ ಹೇಳುತ್ತಾರೆ:

“ಆ ನಾಕು ಮಂದ್ಯಾಗ ಅಕಿ ಇದ್ಲೋ ಇಲ್ಲೋ, ನನಗೇನು ಗೊತ್ತು. ಇಕಿನ ಅಕಿ ಅಂತ ಗೊತ್ತಾದ ಮ್ಯಾಲ ಬೆನ್ನಿನ ಹಿಂದ ನಿಂತು ಒಂದ್ಸಲ ‘ಯವ್ವಾ’ ಅಂತ ಕರೀಬೇಕ್ರಿ. ಹೊಳ್ಳಿ ನೋಡಿದ್ರ ಸಾಕು, ಭಂಡಾರ ಹಚ್ಚಿ ಬರ್ತೇನಿ.”